ಪಾಪದ ಬಟವಾಡೆ

(ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಒಂದು ಸಂಜೆ ನಮ್ಮ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಜಾಸ್ತಿ ಎಳೆದ ಕಡೆ ಕತ್ತರಿ ಹಾಕಿದ್ದೇನೆ.)

ಸಭೆಯ ಹಿರಿಯರಿಗೆ, ಅಕ್ಕ ತಂಗಿಯರಿಗೆ, ಹಿಂದಿನ ಬೆಂಚಿನಲ್ಲಿ ಕೂತು ಈಗಲೇ ಗಡಿಯಾರ ನೋಡುತ್ತಿರುವ ಹುಡುಗರಿಗೆ ವಂದನೆಗಳು.

ನಾನು ಸಭಾಪಾಲಕನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಸತ್ಯವೇದ, ಅಂದರೆ ಬೈಬಲ್, ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಪದಗಳೇ. ಇವತ್ತೂ ಒಂದು ಪದ ಹಿಡಿದುಕೊಂಡೇ ಶುರು ಮಾಡುತ್ತೇನೆ.

ಪಾಪ.

ಕನ್ನಡದಲ್ಲಿ ಇದಕ್ಕೆ ಎರಡು ಮುಖ. ಕಳ್ಳತನ ಪಾಪ. ಅದೇ ಕಳ್ಳ ಸಿಕ್ಕಿಬಿದ್ದು, ಜನ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರೆ, ಕಿಟಕಿಯಲ್ಲಿ ನಿಂತ ಅಜ್ಜಿ ಹೇಳುವುದೂ 'ಪಾಪ' ಅಂತಲೇ. ಮಾಡಿದ ತಪ್ಪಿಗೂ ಅದೇ ಪದ, ಮಾಡಿದವನ ಮೇಲಿನ ಮರುಕಕ್ಕೂ ಅದೇ ಪದ. ಹಾಗೆ ಯಾಕಾಯಿತು ಅಂತ ಭಾಷೆ ಬಲ್ಲವರು ಹೇಳಲಿ. ನನಗೆ ಮಾತ್ರ ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ, ಸತ್ಯವೇದದಲ್ಲಿರುವ ಪತ್ರ ಓದುವಾಗೆಲ್ಲ ಆ ಅಜ್ಜಿ ನೆನಪಾಗುತ್ತಾಳೆ.

ಆ ಪತ್ರ ಹುಟ್ಟಿದ್ದು ಕ್ರಿ.ಶ. 57ರ ಸುಮಾರಿಗೆ, ಬಹುಶಃ ಕೊರಿಂಥದಲ್ಲಿ. ಪೌಲ ಹೇಳುತ್ತಾ ಹೋದ, ತೆರ್ತ್ಯ ಎಂಬವನು ಬರೆದುಕೊಂಡ. ಕೊನೆಯ ಅಧ್ಯಾಯದಲ್ಲಿ ಆ ಬರಹಗಾರ ತಾನೇ ತಲೆ ಹಾಕಿ 'ನನ್ನ ವಂದನೆಯೂ ಇರಲಿ' ಅನ್ನುತ್ತಾನೆ. ಪತ್ರ ತೆಗೆದುಕೊಂಡು ಹೋದವಳು ಫೊಯಿಬೆ ಎಂಬ ಹೆಂಗಸು, ಕೊರಿಂಥದ ಪಕ್ಕದ ಬಂದರು ಕೆಂಖ್ರೆಯ ಸಭೆಯವಳು ಅಂತ ಹೆಚ್ಚಿನವರು ನಂಬುತ್ತಾರೆ. ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಈ ಪತ್ರವನ್ನು ನಾವು ಸಿದ್ಧಾಂತದ ಪುಸ್ತಕದಂತೆ ಓದುತ್ತೇವೆ. ಅದು ಬಾಯಲ್ಲಿ ಆಡಿದ ಮಾತು. ಆಡುವಾಗ ಗಂಟಲು ಕಟ್ಟಿರಬಹುದು. ಬರೆಯುವವನ ಕೈ ನಿಂತಿರಬಹುದು.

ಚಿಕ್ಕಂದಿನಲ್ಲಿ ನಮಗೆ ಕಲಿಸಿದ ಪಾಪ ಒಂದು ಪಟ್ಟಿ. ಸುಳ್ಳು ಹೇಳಿದೆಯಾ? ಒಂದು. ಅಮ್ಮನಿಗೆ ಎದುರಾಡಿದೆಯಾ? ಎರಡು. ಭಾನುವಾರ ಸಂಡೆಸ್ಕೂಲ್ ತಪ್ಪಿಸಿ ಗೇರುಹಣ್ಣು ಕದಿಯಲು ಹೋದೆಯಾ? ಅದು ಮೂರಲ್ಲ, ನಾಲ್ಕೈದು. ಪಟ್ಟಿ ಪೌಲನಲ್ಲೂ ಇದೆ, ಮೊದಲನೇ ಅಧ್ಯಾಯದಲ್ಲೇ ಉದ್ದಕ್ಕೆ ಕೊಡುತ್ತಾನೆ. ಆದರೆ 5ರಿಂದ 7ನೇ ಅಧ್ಯಾಯಕ್ಕೆ ಬಂದಾಗ ಅವನ ಮಾತಿನ ಧಾಟಿಯೇ ಬೇರೆ. ಅಲ್ಲಿ ಪಾಪ ಹೆಚ್ಚುಕಡಿಮೆ ಯಾವಾಗಲೂ ಏಕವಚನ. ಅದು ಲೋಕದೊಳಗೆ ಬರುತ್ತದೆ. ಆಳುತ್ತದೆ. ನನ್ನೊಳಗೆ ವಾಸ ಮಾಡುತ್ತದೆ. ನನ್ನನ್ನು ಮೋಸ ಮಾಡಿ ಕೊಲ್ಲುತ್ತದೆ. ಇದು ಮಾಡಿದ ಕೆಲಸದ ಹೆಸರಲ್ಲ. ಮಾಡಿಸುವ ಯಜಮಾನನ ಹೆಸರು.

ಯಜಮಾನ ಅಂದಮೇಲೆ ಸಂಬಳ ಇರಬೇಕಲ್ವಾ? ಅದೂ ಇದೆ. 6ನೇ ಅಧ್ಯಾಯದ ಕೊನೆಯ ವಚನ ನಿಮಗೆಲ್ಲ ಬಾಯಿಪಾಠ. ಪಾಪವು ಕೊಡುವ ಸಂಬಳ ಮರಣ.

ಈ ವಚನವನ್ನು ನಾವು ಶಿಕ್ಷೆ ಅಂತ ಓದುತ್ತೇವೆ. ತಪ್ಪು ಮಾಡಿದ್ದಕ್ಕೆ ದೇವರು ಕೊಡುವ ಏಟು ಅಂತ. ಮಾಡಿದ್ದುಣ್ಣೋ ಮಹಾರಾಯ! ಆದರೆ ಸಂಬಳ ಕೊಡುತ್ತಿರುವವರು ಯಾರು ಅಂತ ಇನ್ನೊಮ್ಮೆ ನೋಡಿ. ಕೊಡುವುದು ದೇವರಲ್ಲ, ಪಾಪ. ದೇವರು ಕೊಡುವುದನ್ನು ಅದೇ ವಚನದ ಇನ್ನೊಂದು ಅರ್ಧದಲ್ಲಿ ಹೇಳಿದೆ, ಅದಕ್ಕೆ ಸಂಬಳ ಎಂಬ ಹೆಸರಿಲ್ಲ. ವರ ಅಂತ ಇದೆ, ಅದೂ ಉಚಿತವಾದದ್ದು. ವಾಕ್ಯದಲ್ಲಿ ಕರ್ತೃಪದ ಯಾವುದು ಅಂತ ಮೂವತ್ತು ವರ್ಷ ಮಕ್ಕಳನ್ನು ಕೇಳಿದವನು ನಾನು. ಇಲ್ಲಿ ನಾನೇ ಎಷ್ಟೋ ವರ್ಷ ತಪ್ಪು ಓದಿದ್ದೆ.

ಪೌಲ ಬಳಸಿದ ಗ್ರೀಕ್ ಪದ 'ಒಪ್ಸೋನಿಯಾ'. ಹೆಚ್ಚಾಗಿ ಸಿಪಾಯಿಗಳ ಸಂಬಳಕ್ಕೆ ಬಳಸುತ್ತಿದ್ದ ಮಾತು. ಅದರ ಬುಡದಲ್ಲಿ ಇರುವ 'ಒಪ್ಸೊನ್' ಅಂದರೆ ರೊಟ್ಟಿಯ ಜೊತೆ ನೆಂಚಿಕೊಳ್ಳುವ ಪದಾರ್ಥ. ಬರಬರುತ್ತಾ ಗ್ರೀಕರ ಬಾಯಲ್ಲಿ ಅದು ಮೀನು ಅಂತಲೇ ಆಯಿತಂತೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ 'ಸಂಬಳ' ಪದವನ್ನೂ ಸಂಸ್ಕೃತದ 'ಶಂಬಲ'ಕ್ಕೆ ಜೋಡಿಸುತ್ತಾರೆ. ಶಂಬಲ ಅಂದರೆ ದಾರಿಯ ಬುತ್ತಿ. ಅಲ್ಲೂ ಊಟ, ಇಲ್ಲೂ ಊಟ. ಯಜಮಾನ ದಿನದಿನವೂ ಬಡಿಸುತ್ತಾ ಹೋಗುತ್ತಾನೆ. ಮರಣ ಕೊನೆಗೊಮ್ಮೆ ಬರುವ ಇಡಿಗಂಟಲ್ಲ, ನಿತ್ಯದ ಬುತ್ತಿ.

ಪೌಲನ ಕಾಲದ ರೋಮನ್ ಸಿಪಾಯಿಗೆ ವರ್ಷಕ್ಕೆ 225 ದಿನಾರಿ ಸಂಬಳ, ಕಂತುಕಂತಾಗಿ. ಕೇಳಲು ಚೆನ್ನಾಗಿದೆ. ಆದರೆ ಇಸ್ರೇಲಿನ ಮಸಾದ ಕೋಟೆಯ ಅವಶೇಷದಲ್ಲಿ ಒಬ್ಬ ಸಿಪಾಯಿಯ ಸಂಬಳದ ಚೀಟಿ ಸಿಕ್ಕಿದೆ. ಪಪೈರಸ್ಸಿನ ಹರಿದ ತುಂಡು. ಪತ್ರ ಬರೆದು ಇಪ್ಪತ್ತು ವರ್ಷದೊಳಗಿನದು. ಅವನ ಹೆಸರು ಗಾಯಸ್ ಮೆಸ್ಸಿಯಸ್, ಊರು ಬೈರೂತ್. ಒಂದು ಕಂತಿಗೆ ಕೈಗೆ ಬರಬೇಕಾದದ್ದು 50 ದಿನಾರಿ. ಅದರಲ್ಲಿ ಬಾರ್ಲಿಗೆ ಇಷ್ಟು ಮುರಿದರು. ಊಟಕ್ಕೆ ಇಷ್ಟು. ಬೂಟಿಗೆ ಇಷ್ಟು, ಚರ್ಮದ ಪಟ್ಟಿಗೆ ಇಷ್ಟು, ನಾರುಬಟ್ಟೆಯ ಅಂಗಿಗೆ ಇಷ್ಟು. ಮುರಿದು ಮುರಿದು ಕೊನೆಗೆ ಅವನ ಕೈಯಲ್ಲಿ ಏನೂ ಉಳಿದಂತೆ ಕಾಣುವುದಿಲ್ಲ.

ಇದನ್ನು ಓದಿದಾಗ ನನಗೆ ನಮ್ಮಜ್ಜನ ನೆನಪಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಲ್ಲಿ ಬೇರೆಬೇರೆಯವರ ಎಷ್ಟೋ ಕಾರ್ಖಾನೆಗಳು ಎದ್ದವು. ಅಜ್ಜ ಅಂಥ ಒಂದರಲ್ಲಿ ಆವೆಮಣ್ಣು ತುಳಿಯುತ್ತಿದ್ದರು. ಶನಿವಾರ ಬಟವಾಡೆ. ಗೇಟಿನ ಹೊರಗೆ ಅಂಗಡಿಯವನು ಕೆಂಪು ರಟ್ಟಿನ ಪುಸ್ತಕ ಹಿಡಿದು ನಿಂತಿರುತ್ತಿದ್ದ. ಅಕ್ಕಿ, ಸೀಮೆಎಣ್ಣೆ, ಬೀಡಿ, ಹೋದ ಮಳೆಗಾಲದ ಸಾಲ. ಗೇಟಿನಿಂದ ಹೊರಬಂದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಜ್ಜನ ಮುಷ್ಟಿ ಖಾಲಿ. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಗೇಟು. ಅಂಗಡಿಯವನು ಕೆಟ್ಟವನಲ್ಲ ಅಂತ ಅಪ್ಪ ಹೇಳುತ್ತಿದ್ದರು. ಕೇಳಿದಾಗೆಲ್ಲ ಸಾಲ ಕೊಡುತ್ತಿದ್ದನಂತೆ. ಅದೇ ತೊಂದರೆ. ಪಾಪ ಎಂಬ ಯಜಮಾನನೂ ಮುಂಗಡಕ್ಕೆ ಯಾವತ್ತೂ ಇಲ್ಲ ಅನ್ನುವುದಿಲ್ಲ.

ಈಗ ನನ್ನದೇ ಲೆಕ್ಕ ಹೇಳುತ್ತೇನೆ.

ನನಗೂ ನಮ್ಮಣ್ಣನಿಗೂ ಒಂಬತ್ತು ವರ್ಷ ಮಾತಿರಲಿಲ್ಲ. ಕಾರಣ ಒಂದು ಹಲಸಿನ ಮರ. ಪಾಲಾದಾಗ ಕಟ್ಟಿದ ಕಂಪೌಂಡ್ ಗೋಡೆ ಮರದ ಬುಡಕ್ಕೆ ತಾಗಿ ಹೋಯಿತು. ಮರ ಯಾರದು? ಬುಡ ಅವನ ಕಡೆ, ಕೊಂಬೆ ಜಾಸ್ತಿ ನನ್ನ ಕಡೆ. ನಗಬೇಡಿ, ಇದು ಕೋರ್ಟಿನವರೆಗೆ ಹೋಯಿತು. ವಕೀಲರ ಫೀಸಿನಲ್ಲಿ ಹಲಸಿನ ತೋಟವನ್ನೇ ಕೊಳ್ಳಬಹುದಿತ್ತು.

ಮೊದಮೊದಲು ಆ ಸಿಟ್ಟು ಚೆನ್ನಾಗಿತ್ತು. ನಿಜ ಹೇಳುತ್ತೇನೆ, ರುಚಿಯಾಗಿತ್ತು. ನೆಂಚಿಕೊಳ್ಳಲು ಸೊಗಸು. ರಾತ್ರಿ ಮಲಗಿ ಅವನು ಆಡಿದ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಆಮೇಲೆ ಮುರಿಯುವುದು ಶುರುವಾಯಿತು. ಅವನ ಮಗಳ ಮದುವೆಗೆ ಹೋಗಲಿಲ್ಲ. ಅಲ್ಲೊಂದು ಕಡಿತ. ಕ್ರಿಸ್ಮಸ್ಸಿಗೆ ಹಂಚುವ ಸಿಹಿತಿಂಡಿಯ, ಅಂದರೆ ಕುಸ್ವಾರ್ ತಟ್ಟೆ ಗೋಡೆ ದಾಟಲಿಲ್ಲ. ಅಲ್ಲೊಂದು. ಕರ್ತನ ಭೋಜನಕ್ಕೆ ಅವನು ಎಡಗಡೆ ಸಾಲಿನಲ್ಲಿ ನಿಂತರೆ ನಾನು ಬಲಗಡೆ ಸಾಲಿಗೆ ಸರಿಯುತ್ತಿದ್ದೆ. ಅದೇ ರೊಟ್ಟಿ, ಅದೇ ಪಾತ್ರೆ, ನೋಡಿ. ಎಂಟನೇ ವರ್ಷಕ್ಕೆ ಮುಷ್ಟಿ ಬಿಚ್ಚಿ ನೋಡಿದರೆ ಏನೂ ಇರಲಿಲ್ಲ. ಸಿಟ್ಟು ಕೂಡ ಇರಲಿಲ್ಲ. ಬರೀ ಅಭ್ಯಾಸ. ಒಳಗೆ ಏನೋ ಸತ್ತುಹೋಗಿತ್ತು.

ಪೌಲ ಮರಣ ಅನ್ನುವಾಗ ಸ್ಮಶಾನವೂ ಅದರಲ್ಲಿ ಸೇರಿದೆ, ಇದೂ ಸೇರಿದೆ ಅಂತ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

ಹಾಗಾದರೆ ನಿಲ್ಲಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪ್ರಯತ್ನಿಸಿದೆ. ಪ್ರತಿ ಲೆಂಟಿನಲ್ಲೂ ತೀರ್ಮಾನ ಮಾಡುತ್ತಿದ್ದೆ. ಒಂದು ಸಲ ಫೋನ್ ಕೈಗೆತ್ತಿಕೊಂಡು ವಾಟ್ಸಾಪಿನಲ್ಲಿ 'ಅಣ್ಣಾ, ಹೇಗಿದ್ದೀ' ಅಂತ ಬರೆದೆ. ಆಮೇಲೆ 'ಅಣ್ಣಾ' ಅಳಿಸಿದೆ. ಆಮೇಲೆ 'ಹೇಗಿದ್ದೀ' ಅಳಿಸಿದೆ. ಅದೇ ಕೈಯಲ್ಲಿ ವಕೀಲರಿಗೆ ಫೋನ್ ಮಾಡಿ ಮುಂದಿನ ತಾರೀಖು ಯಾವಾಗ ಅಂತ ಕೇಳಿದೆ. ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುವುದಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ 7ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಇದನ್ನೇ. ಅಲ್ಲಿಯ 'ನಾನು' ಯಾರು ಅಂತ ದೊಡ್ಡ ಜಗಳ ಇದೆ. ಕ್ರಿಸ್ತನನ್ನು ಅರಿಯುವ ಮುಂಚಿನ ಮನುಷ್ಯನೋ, ಅರಿತ ಮೇಲಿನವನೋ? ಹಳೆಯ ಕಾಲದ ದೊಡ್ಡ ಕ್ರೈಸ್ತ ಗುರು ಅಗಸ್ಟಿನರು ಮೊದಲು ಒಂದು ಹೇಳಿ, ವಯಸ್ಸಾದ ಮೇಲೆ ಇನ್ನೊಂದು ಹೇಳಿದರು. ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ, ಮಾಡಲಿ. ಅಗಸ್ಟಿನರ ಮನಸ್ಸು ವಯಸ್ಸಾದ ಮೇಲೆ ಬದಲಾಯಿತು ಎಂಬುದೊಂದೇ ನನಗೆ ಸಾಕು.

ಅದೇ ಅಗಸ್ಟಿನರು ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಪಕ್ಕದ ತೋಟದ ಪೇರ್‌ಹಣ್ಣು ಕದ್ದವರು. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಮತ್ತೆ ಕದ್ದದ್ದು ಯಾಕೆ? ಕದಿಯಬಾರದು ಅಂತ ಇತ್ತಲ್ಲ, ಅದಕ್ಕೆ. ಪೌಲ ಮೋಶೆಯ ಧರ್ಮಶಾಸ್ತ್ರದ ಬಗ್ಗೆ ಹೇಳುವುದೂ ಹೀಗೆಯೇ. ಬೇಲಿಯೇ ಎದ್ದು ಹೊಲ ಮೇಯಿತು ಅಂತ ಅವನು ಹೇಳುವುದಿಲ್ಲ. ಬೇಲಿ ಒಳ್ಳೆಯದೇ. ಆದರೆ ಬೇಲಿ ಕಂಡ ಕೂಡಲೇ ಆಚೆಗೆ ಏನಿದೆ ಅಂತ ಇಣುಕುವ ಒಂದು ಚಟ ನಮ್ಮಲ್ಲಿದೆ. ನಿಯಮ ಹೆಚ್ಚಿಸಿದರೆ ಆ ಚಟ ಸಾಯುವುದಿಲ್ಲ. ಇನ್ನೂ ಕೊಬ್ಬುತ್ತದೆ. ಬಾಡಿಗೆಗೆ ಬಂದವನು ಮನೆಯ ಕೀಲಿಕೈಯನ್ನೇ ಕಿತ್ತುಕೊಂಡ ಹಾಗೆ.

ಇಲ್ಲಿಗೆ ಬಂದಾಗ ಪೌಲನ ಬಾಯಿಂದ ಒಂದು ಕೂಗು ಬರುತ್ತದೆ. ನಮ್ಮ ಸತ್ಯವೇದದಲ್ಲಿ ಅದು 'ಅಯ್ಯೋ' ಅಂತ ಶುರುವಾಗುತ್ತದೆ. ಪತ್ರದಲ್ಲಿ ಅಲ್ಲಿಯವರೆಗೆ ಇದ್ದದ್ದು ವಾದ, ಪ್ರಶ್ನೆ, ಉತ್ತರ. ಈಗ ಬರೀ ಅಯ್ಯೋ. ನನ್ನನ್ನು ಬಿಡಿಸುವವರು ಯಾರು? 'ಯಾರು' ಅಂತ ಕೇಳುತ್ತಾನೆ, 'ಹೇಗೆ' ಅಂತಲ್ಲ. ಈ ವ್ಯತ್ಯಾಸವನ್ನು ನಾನು ನೋಡಿಯೇ ಇರಲಿಲ್ಲ. ನಾನು ಅಷ್ಟು ವರ್ಷ ಹೇಗೆ, ಹೇಗೆ ಅಂತಲೇ ಒದ್ದಾಡಿದ್ದೆ.

7ನೇ ಅಧ್ಯಾಯ ಮುಗಿಯುತ್ತದೆ. ಪುಟದಲ್ಲಿ ಒಂದು ಗೆರೆ, ಒಂದು ದೊಡ್ಡ ಅಂಕಿ, 8. ಆ ಗೆರೆ ಪೌಲ ಹಾಕಿದ್ದಲ್ಲ. ಅಧ್ಯಾಯಗಳನ್ನು ಗುರುತಿಸಿದ್ದು ಹದಿಮೂರನೇ ಶತಮಾನದ ಆರಂಭದಲ್ಲಿ. ವಚನಗಳಿಗೆ ಈಗಿನ ಸಂಖ್ಯೆ ಬಂದದ್ದು 1551ರಲ್ಲಿ. ತೆರ್ತ್ಯ ಬರೆದುಕೊಂಡ ಹಾಳೆಯಲ್ಲಿ ಅಯ್ಯೋ ಮತ್ತು ಅದರ ಉತ್ತರದ ನಡುವೆ ಗೋಡೆ ಇರಲಿಲ್ಲ. ಒಂದೇ ಉಸಿರು. ಕ್ರಿಸ್ತ ಯೇಸುವಿನಲ್ಲಿ ಇರುವವರಿಗೆ ಅಪರಾಧನಿರ್ಣಯ ಈಗ ಇಲ್ಲವೇ ಇಲ್ಲ. ಕೋರ್ಟಿನ ಭಾಷೆ ಇದು. ಒಂಬತ್ತು ವರ್ಷ ಕೋರ್ಟಿಗೆ ಅಲೆದವನಿಗೆ ಕೇಸು ವಜಾ ಅನ್ನುವ ಮಾತಿನ ಬೆಲೆ ಗೊತ್ತು.

ಉಸಿರು ಅಂದೆ. ಗ್ರೀಕಿನ 'ಪ್ನ್ಯೂಮ'ಕ್ಕೆ ಆತ್ಮ ಎಂಬ ಅರ್ಥವೂ ಇದೆ, ಉಸಿರು, ಗಾಳಿ ಎಂಬ ಅರ್ಥವೂ ಇದೆ. 7ನೇ ಅಧ್ಯಾಯದಲ್ಲಿ ಆ ಒದ್ದಾಟ ಶುರುವಾದ ಮೇಲೆ ಕೊನೆಯವರೆಗೆ ಪವಿತ್ರಾತ್ಮನ ಮಾತೇ ಬರುವುದಿಲ್ಲ. ಬರೀ ನಾನು, ನನ್ನ, ನನಗೆ, ನನ್ನಲ್ಲಿ. 8ನೇ ಅಧ್ಯಾಯಕ್ಕೆ ಬಂದರೆ ಆ ಪದ ಸುಮಾರು 20 ಸಲ. ಮುಚ್ಚಿದ ಕೋಣೆಯ ಕಿಟಕಿ ತೆರೆದ ಹಾಗೆ.

ಇಲ್ಲಿ ನಮ್ಮ ಕನ್ನಡ ಅನುವಾದಕರಿಗೆ ಒಂದು ನಮಸ್ಕಾರ ಹೇಳಬೇಕು. ಪೌಲ 'ಸಾರ್ಕ್ಸ್' ಅನ್ನುವ ಕಡೆ, ಅಂದರೆ ಮಾಂಸ ಅನ್ನುವ ಕಡೆ, ಅವರು ಸುಮ್ನೆ 'ಶರೀರ' ಅಂತ ಬರೆದು ಕೈತೊಳೆದುಕೊಳ್ಳಲಿಲ್ಲ. 'ಶರೀರಭಾವ' ಅಂದರು. ತೊಂದರೆ ಇರುವುದು ಮೈಯಲ್ಲಿ ಅಲ್ಲ, ಭಾವದಲ್ಲಿ. ಹಸಿವು, ನಿದ್ರೆ, ಮುಪ್ಪು, ಮಂಡಿನೋವು ಇವು ಪಾಪವಲ್ಲ. ಸಾಯುವ ಈ ಮೈಗೇ ದೇವರು ಜೀವ ಕೊಡುತ್ತಾನೆ ಅಂತ ಅದೇ ಅಧ್ಯಾಯದಲ್ಲಿದೆ. ನನ್ನ ಜಗಳ ಮೈಯಿಂದ ಹುಟ್ಟಲಿಲ್ಲ. ನನ್ನದು, ನನ್ನ ಪಾಲು, ನನ್ನ ಕೊಂಬೆ ಎಂಬ ಭಾವದಿಂದ ಹುಟ್ಟಿತು. ಉಪವಾಸ ಮಾಡಿದರೂ ಆ ಭಾವ ಹೊಟ್ಟೆತುಂಬ ಉಂಡೇ ಇರುತ್ತಿತ್ತು.

ಅದೇ 'ಭಾವ'ವನ್ನು ಅವರು ಇನ್ನೆರಡು ಸಲ ಬಳಸಿದ್ದಾರೆ. ನೀವು ಹೊಂದಿರುವುದು ದಾಸನ ಭಾವವಲ್ಲ, ಮಗನ ಭಾವ. ದಾಸನಿಗೆ ಸಂಬಳದ ಲೆಕ್ಕ, ಇಲ್ಲವೇ ಏಟಿನ ಲೆಕ್ಕ. ಮಗನಿಗೆ ಯಾವ ಲೆಕ್ಕ? ಮನೆಯ ಮಗ ತಿಂಗಳ ಕೊನೆಗೆ ಅಪ್ಪನ ಮುಂದೆ ಬಟವಾಡೆಗೆ ಸಾಲು ನಿಲ್ಲುವುದಿಲ್ಲ. ಬಡಿಸಿದ್ದನ್ನು ಉಣ್ಣುತ್ತಾನೆ, ಬೈದರೆ ಮುಖ ಊದಿಸುತ್ತಾನೆ, ರಾತ್ರಿ ಮತ್ತೆ ಅಲ್ಲೇ ಮಲಗುತ್ತಾನೆ. ಆತ್ಮನಿಂದ ಬಾಳುವುದು ಅಂದರೆ ಇನ್ನೂ ಚೆನ್ನಾಗಿ ದುಡಿಯುವುದು ಅಂತ ನಾನು ತಿಳಿದಿದ್ದೆ. ಅದು ಯಜಮಾನನ ಕೊಟ್ಟಿಗೆಯಿಂದ ಅಪ್ಪನ ಮನೆಗೆ ಬರುವುದು.

ಮನೆಗೆ ಬಂದವನ ಮೊದಲ ಮಾತು ಯಾವುದು? 'ಅಬ್ಬಾ'. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ ಮಾತು. ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ. ಒಂದು ಸಲ ಗೆತ್ಸೆಮನೆ ತೋಟದಲ್ಲಿ ಯೇಸುವಿನ ಬಾಯಲ್ಲಿ, ಎರಡು ಸಲ ಪೌಲನ ಪತ್ರಗಳಲ್ಲಿ. ಇದು ಎಳೆ ಮಗುವಿನ ತೊದಲು ಅಂತ ಕೆಲವು ಬೋಧಕರು ಹೇಳುತ್ತಾರೆ. ಪೂರ್ತಿ ಸರಿಯಲ್ಲ. ದೊಡ್ಡವರೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು. ನಮಗೆ ಇದು ಹೊಸದೇ? ಅರವತ್ತರ ಮಗನೂ 'ಅಪ್ಪಾ' ಅಂತಲೇ ಕೂಗುತ್ತಾನಲ್ಲ. ಪೌಲನ ಕ್ರಿಯಾಪದ ಕೂಡ ಮೆಲ್ಲಗೆ ಹೇಳುವುದಲ್ಲ, ಕೂಗುವುದು. ಕಾಲಿಗೆ ಕಲ್ಲು ಬಿದ್ದಾಗ ನಾವು ಯೋಚನೆ ಮಾಡಿ ಕೂಗುತ್ತೇವೆಯೇ? 'ಅಯ್ಯೋ' ಅನ್ನುತ್ತೇವೆ, ಅದರ ಬೆನ್ನಿಗೇ 'ಅಪ್ಪಾ' ಅನ್ನುತ್ತೇವೆ. 7ರ ಅಯ್ಯೋ, 8ರ ಅಪ್ಪಾ.

ಇನ್ನೊಂದು ವ್ಯಾಕರಣದ ಮಾತು, ಆಮೇಲೆ ಹುಡುಗರು ಎದ್ದು ಹೋಗಬಹುದು. ದೇವರ ಮಕ್ಕಳು ಯಾರು ಅಂದರೆ ಆತ್ಮನಿಂದ 'ನಡೆಸಲ್ಪಡುವವರು' ಅಂತ ಅಲ್ಲಿದೆ. ಈ 'ಅಲ್ಪಡು' ಪ್ರಯೋಗ ಕನ್ನಡದ ನಾಲಿಗೆಗೆ ಒಗ್ಗುವುದಿಲ್ಲ. 'ನನ್ನಿಂದ ಊಟ ಮಾಡಲ್ಪಟ್ಟಿತು' ಅಂತ ಮಕ್ಕಳು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಇಲ್ಲಿ ಮಾತ್ರ ಕೈ ಬರುವುದಿಲ್ಲ. ನಡೆಯುವುದು ನನ್ನ ಕಾಲೇ. ಮೈಯ ಕೆಟ್ಟ ಚಾಳಿಗಳನ್ನು ಸಾಯಿಸಿ ಅಂತ ಹಿಂದಿನ ವಚನದಲ್ಲೇ ಹೇಳಿದ್ದಾನೆ, ಕೈಕಟ್ಟಿ ಕೂರಲು ಬಿಟ್ಟಿಲ್ಲ. ಆದರೂ ಕೈ ಹಿಡಿದವನು ಬೇರೆ.

ಅಮ್ಮ ತೀರಿಕೊಂಡದ್ದು ಜುಲೈಯಲ್ಲಿ. ಮಂಗಳೂರಿನ ಜುಲೈ ನಿಮಗೆ ಗೊತ್ತಲ್ಲ. ಸ್ಮಶಾನದ ಕೆಂಪುಮಣ್ಣು ಬೆಣ್ಣೆಯ ಹಾಗಾಗಿತ್ತು. ಹೊಂಡದಲ್ಲಿ ನೀರು ನಿಂತಿತ್ತು, ಇಬ್ಬರು ಹುಡುಗರು ಬಕೆಟ್‌ನಲ್ಲಿ ಎತ್ತಿ ಚೆಲ್ಲುತ್ತಿದ್ದರು. ಪೆಟ್ಟಿಗೆ ಇಳಿಸಿದರು. ಮಣ್ಣಿಗೆ ಮಣ್ಣು ಅಂತ ಸಭಾಪಾಲಕರು ಓದಿದರು, ಕೊಡೆಯ ಮೇಲೆ ಬೀಳುವ ಮಳೆಯಲ್ಲಿ ಅರ್ಧ ಕೇಳಿಸಿತು. ಅಣ್ಣ ಮೊದಲು ಮಣ್ಣು ಹಾಕಿದ. ಆಮೇಲೆ ನಾನು. ಹಿಡಿಮಣ್ಣು ಹಾಕಲು ಬಗ್ಗಿದೆ, ಚಪ್ಪಲಿ ಜಾರಿತು. ನನ್ನ ಬಾಯಿಂದ 'ಅಣ್ಣಾ' ಅಂತ ಬಂತು. ನಾನು ತೀರ್ಮಾನ ಮಾಡಿ ಕರೆದದ್ದಲ್ಲ. ಒಂಬತ್ತು ವರ್ಷ ಬಾಯಿಗೆ ಬಾರದ ಮಾತು. ಅವನು ನನ್ನ ಮೊಣಕೈ ಹಿಡಿದು 'ಈಚೆ ನಿಲ್ಲು, ಅಲ್ಲಿ ಜಾರುತ್ತದೆ' ಅಂದ. ಅಷ್ಟೆ. ಬೇರೆ ಏನೂ ಆಡಲಿಲ್ಲ. ಮಣ್ಣು ಮುಚ್ಚಿ ಮುಗಿಯುವವರೆಗೆ ಕೈ ಬಿಡಲಿಲ್ಲ.

ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ, ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ಪೌಲ ಹೇಳುತ್ತಾನೆ. ನಾನು ಅದನ್ನು ಭಾಷಣದಲ್ಲಿ ಎಷ್ಟೋ ಸಲ ಬಳಸಿದ್ದೆ. ಅವತ್ತು ಅದು ನನ್ನ ಗಂಟಲಲ್ಲೇ ನಡೆಯಿತು ಅಂತ ಈಗ ಅನ್ನಿಸುತ್ತದೆ. ಸುಮ್ನೆ ಗಾಬರಿಗೆ ಕೂಗಿದೆ, ಅದಕ್ಕೆ ಪವಿತ್ರಾತ್ಮನನ್ನು ಯಾಕೆ ಎಳೆಯುತ್ತೀರಿ ಅಂತ ನನ್ನ ಮಗ ಕೇಳಿದ್ದ. ಅವನು ಹೇಳುವುದೂ ಇರಬಹುದು. ಆದರೆ ಅಷ್ಟು ವರ್ಷದ ಎಲ್ಲ ಗಾಬರಿಗಳಲ್ಲೂ ಬಾರದ ಮಾತು ಅದು.

ಅವತ್ತಿಗೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ನಿಮ್ಮಲ್ಲಿ ಕೆಲವರು ನಗುತ್ತೀರಿ, ನಮ್ಮಿಬ್ಬರನ್ನೂ ಬಲ್ಲವರು ಇಲ್ಲೇ ಕೂತಿದ್ದೀರಿ. ಕೇಸು ವಾಪಸ್ ತೆಗೆದುಕೊಳ್ಳಲು ಇನ್ನೂ ಏಳು ತಿಂಗಳು ಹಿಡಿಯಿತು. ಗೋಡೆ ಈಗಲೂ ಇದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮನ ಫಲ ಅಂತ ಪೌಲ ಒಂಬತ್ತು ಗುಣ ಹೇಳುತ್ತಾನೆ, ಪ್ರೀತಿ, ಸಂತೋಷ, ಸಮಾಧಾನ ಅಂತ. ಆದರೆ 'ಫಲ' ಮಾತ್ರ ಏಕವಚನ. ಹಲಸಿನ ಹಣ್ಣಿನ ಹಾಗೆ, ಹಣ್ಣು ಒಂದೇ, ಒಳಗೆ ತೊಳೆಗಳು. ಸಂಬಳದಂತೆ ಅದನ್ನು ದುಡಿಯಲು ಬರುವುದಿಲ್ಲ, ಬಲಿಯುವವರೆಗೆ ಕಾಯಬೇಕು. ಮೇಣವೂ ಅಂಟುತ್ತದೆ.

ಹೋದ ಮೇ ತಿಂಗಳಲ್ಲಿ ಅಣ್ಣ ಗೋಡೆಯ ಮೇಲಿನಿಂದ ಎರಡು ಹಲಸಿನ ಹಣ್ಣು ಇಳಿಸಿಕೊಟ್ಟ. ಚೆನ್ನಾಗಿ ಬಲಿತದ್ದು, ಮನೆಯೆಲ್ಲ ಘಮ. ಹೆಂಡತಿ ಕೈಗೆ ಎಣ್ಣೆ ಸವರಿಕೊಂಡು ಬಿಡಿಸಲು ಕೂತಳು. ನಾನು ಅಂಗಳಕ್ಕೆ ಹೋಗಿ ತಲೆ ಎತ್ತಿ ನೋಡಿದೆ. ಮರದಲ್ಲಿ ಇನ್ನೂ ಹನ್ನೊಂದು ಇದ್ದವು. ಹೌದು, ಎಣಿಸಿದೆ.